ಚರ್ಚೆ: ಮೌಲ್ಯಮಾಪನಕ್ಕೆ ದುಡ್ಡು ಹಾಕೋದಾ, ಇನ್ನೊಬ್ಬ ಶಿಕ್ಷಕಿಗೆ ಹಾಕೋದಾ?

ಸಂಜೆತರಗತಿ:
ನಮ್ಮದು ಚಿಕ್ಕ ಸಂಸ್ಥೆ. ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಓದು ಕಲಿಸುತ್ತೇವೆ. ಈ ಸಲ ಒಬ್ಬ ದಾನಿ, "ಎಷ್ಟು ಮಕ್ಕಳು ಬಂದರು ಅಂತ ಗೊತ್ತಾಯಿತು, ಅವರಲ್ಲಿ ಏನು ಬದಲಾಯಿತು ಹೇಳಿ. ಹೊರಗಿನವರಿಂದ ಮೌಲ್ಯಮಾಪನ ಮಾಡಿಸಿ, ಆಮೇಲೆ ಮುಂದಿನ ವರ್ಷದ ಮಾತು" ಅಂದಿದ್ದಾರೆ. ಆ ಖರ್ಚಿನಲ್ಲಿ ವರ್ಷಪೂರ್ತಿ ಇನ್ನೊಬ್ಬ ಶಿಕ್ಷಕಿಯನ್ನು ಇಟ್ಟುಕೊಳ್ಳಬಹುದು. ನೀವಾಗಿದ್ದರೆ ಯಾವುದಕ್ಕೆ ಹಾಕ್ತಿದ್ರಿ?

ಮಣ್ಣಿನದಾರಿ:
ಕಣ್ಣು ಮುಚ್ಚಿ ಶಿಕ್ಷಕಿಗೆ. ನಾನು ಕೆಲಸ ಮಾಡಿದ ಕಡೆ ಮನೆ ಭೇಟಿಗೆ ಹೋದವರ ಅರ್ಧ ಹೊತ್ತು ಫಾರ್ಮ್ ತುಂಬೋದರಲ್ಲೇ ಕಳೆಯುತ್ತಿತ್ತು. ಮೂವರು ದಾನಿಗಳಿಗೆ ಮೂರು ನಮೂನೆ, ಒಂದೇ ಮಗುವಿನ ವಯಸ್ಸು ಮೂರು ಸಲ. ಕೊನೆಗೆ ದಪ್ಪ ರಿಪೋರ್ಟ್ ಬಂತು, ಅದರಿಂದ ಒಂದು ತರಗತಿಯೂ ಬದಲಾಗಲಿಲ್ಲ. ಮಕ್ಕಳನ್ನ ದಿನಾ ನೋಡೋರು ನಾವು. ಉಪಯೋಗ ಆಗಿದೆ ಅಂತ ತಾಯಂದಿರೇ ಬಂದು ಹೇಳ್ತಾರೆ. ಅದಕ್ಕಿಂತ ಪುರಾವೆ ಬೇಕಾ?

ಅಂಕಿನೋಟ:
ಬೇಕು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1939ರಲ್ಲಿ ಹುಡುಗರು ದಾರಿ ತಪ್ಪದಿರಲಿ ಅಂತ ಕೇಂಬ್ರಿಡ್ಜ್-ಸೋಮರ್‌ವಿಲ್ ಕಾರ್ಯಕ್ರಮ ಶುರುವಾಯಿತು. ಒಂದೇ ಥರದ ಹಿನ್ನೆಲೆಯ ಹುಡುಗರನ್ನು ಜೋಡಿ ಮಾಡಿ, ನಾಣ್ಯ ಚಿಮ್ಮಿ, ಒಬ್ಬನಿಗೆ ವರ್ಷಗಟ್ಟಲೆ ಸಲಹೆ, ಪಾಠ, ಬೇಸಿಗೆ ಶಿಬಿರ ಎಲ್ಲ ಕೊಟ್ಟರು. ಇನ್ನೊಬ್ಬನನ್ನು ಅವನ ಪಾಡಿಗೆ ಬಿಟ್ಟರು. ಸುಮಾರು ಮೂವತ್ತು ವರ್ಷ ಆದಮೇಲೆ ಜೋನ್ ಮೆಕಾರ್ಡ್ ಅನ್ನೋ ಸಂಶೋಧಕಿ ಆ ಎರಡೂ ಗುಂಪಿನವರನ್ನ ಹುಡುಕಿ ವಿಚಾರಿಸಿದರು. ನೆರವು ಪಡೆದು ಉತ್ತರ ಕೊಟ್ಟವರಲ್ಲಿ ಮೂರರಲ್ಲಿ ಎರಡು ಪಾಲು ಜನ "ಇದರಿಂದ ಒಳ್ಳೇದಾಯಿತು" ಅಂದರು. ಆದರೆ 1978ರಲ್ಲಿ ಫಲಿತಾಂಶ ಪ್ರಕಟವಾದಾಗ ಕುಡಿತ, ಅಪರಾಧ, ಆರೋಗ್ಯದಂಥ ಹಲವು ವಿಷಯಗಳಲ್ಲಿ ನೆರವು ಪಡೆದವರ ಸ್ಥಿತಿಯೇ ಕೆಟ್ಟಿತ್ತು. ಹೋಲಿಸಲು ಇನ್ನೊಂದು ಗುಂಪು ಇರದಿದ್ದರೆ ಇದು ಹೊರಗೇ ಬರುತ್ತಿರಲಿಲ್ಲ. ತಾಯಂದಿರು ಸುಳ್ಳು ಹೇಳ್ತಾರೆ ಅಂತಲ್ಲ ಮೇಡಂ. ನೀವು ಬರದೇ ಇದ್ದಿದ್ದರೆ ಮಗು ಎಲ್ಲಿರುತ್ತಿತ್ತು ಅನ್ನೋದು ಅವರಿಗೂ ಗೊತ್ತಾಗೋದಿಲ್ಲ.

ಮಣ್ಣಿನದಾರಿ:
ಮೂವತ್ತು ವರ್ಷ ಬೆನ್ನು ಹತ್ತೋಕೆ ವಿಶ್ವವಿದ್ಯಾಲಯ ಬೇಕು. ಇವರ ಹತ್ತಿರ ಇರೋದು ಒಂದು ಕೋಣೆ, ಕೆಲವೇ ಶಿಕ್ಷಕಿಯರು.

ಹಳೇದಾನಿ:
ದುಡ್ಡು ಕೊಡೋರ ಕಡೆಯಿಂದ ಒಂದು ಮಾತು. ಮೌಲ್ಯಮಾಪನ ಕೇಳುವ ದಾನಿ ಅದರ ಖರ್ಚನ್ನೂ ಕೊಡಬೇಕು. ಕಾರ್ಯಕ್ರಮದ ಹಣದಿಂದಲೇ ಕಿತ್ತು ಮಾಡಿ ಅನ್ನೋದು ನ್ಯಾಯವಲ್ಲ. ಆಡಳಿತದ ಖರ್ಚು ಕಡಿಮೆ ಇದ್ದರೆ ಒಳ್ಳೆ ಸಂಸ್ಥೆ ಅನ್ನುವ ನಂಬಿಕೆ ನಮ್ಮವರಲ್ಲಿ ಇನ್ನೂ ಹೋಗಿಲ್ಲ. ದಾನಿಗಳಿಗೆ ಸೇವಾ ಸಂಸ್ಥೆಗಳ ಮಾಹಿತಿ ಕೊಡುವ ಅಮೆರಿಕದ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್ ಥರದ ಸಂಸ್ಥೆಗಳೇ 2013ರಲ್ಲಿ ದಾನಿಗಳಿಗೆ ಬಹಿರಂಗ ಪತ್ರ ಬರೆದು, ಆ ಒಂದು ಅಂಕಿ ನೋಡಿ ಅಳೆಯಬೇಡಿ ಅಂದಿದ್ದವು. ಬಜೆಟ್‌ನಲ್ಲಿ ಪ್ರತ್ಯೇಕ ಸಾಲು ಹಾಕಿ, ಧೈರ್ಯವಾಗಿ ಕೇಳಿ.

ಅಂಕಿನೋಟ:
ಒಪ್ಪಿದೆ. ಆದರೆ ಕೇಳೋ ಮೊದಲು ಕೈಯಲ್ಲಿರೋದನ್ನ ಸರಿಯಾಗಿ ಅಳೆಯಿರಿ. ನಾನು ನೋಡಿದ ಒಂದು ಪರೀಕ್ಷೆ ಹೇಳ್ತೀನಿ. ಮಗುವಿನ ಕೈಗೆ ಒಂದು ಹಾಳೆ ಕೊಡ್ತಾರೆ: ಅಕ್ಷರ, ಪದ, ಸಣ್ಣ ಪ್ಯಾರಾ, ಕಥೆ. ಹುಡುಗಿ ಕಥೆಯನ್ನ ಗಡಗಡ ಹೇಳಿದಳು, ಶಿಕ್ಷಕಿಯ ಮುಖ ಅರಳಿತು. ಆದರೆ ಅವಳ ಕಣ್ಣು ಹಾಳೆಯ ಮೇಲಿರಲಿಲ್ಲ. ವರ್ಷದ ಆರಂಭದಲ್ಲೂ ಅದೇ ಹಾಳೆ, ತರಗತಿಯ ಗೋಡೆಯ ಮೇಲೂ ಅದೇ ಕಥೆ. ಹೊಸ ಹಾಳೆ ಕೊಟ್ಟಾಗ ಎರಡನೇ ಸಾಲಿನ ಒತ್ತಕ್ಷರದಲ್ಲೇ ನಿಂತಳು. ಅವಳ ತಪ್ಪಲ್ಲ, ಪರೀಕ್ಷೆಯ ತಪ್ಪು. ಹಾಳೆ ಬದಲಾಗಬೇಕು, ಪರೀಕ್ಷೆ ಮಾಡೋರು ಪಾಠ ಮಾಡಿದವರಾಗಿರಬಾರದು. ಇನ್ನೊಂದು ಮುಖ್ಯ ವಿಷಯ, ನಡುವೆ ಬಿಟ್ಟು ಹೋದ ಮಕ್ಕಳನ್ನೂ ಹುಡುಕಿ ಪರೀಕ್ಷಿಸಿ. ಕೊನೇ ತನಕ ಉಳಿದವರನ್ನಷ್ಟೇ ಎಣಿಸಿದರೆ ಯಾವ ಕಾರ್ಯಕ್ರಮವಾದರೂ ಚೆನ್ನಾಗಿಯೇ ಕಾಣುತ್ತೆ.

ಸಂಜೆತರಗತಿ:
ಇದು ನಮ್ಮ ಕೈಲಾಗುತ್ತೆ. ಹೋಲಿಕೆಗೆ ಗುಂಪು ಎಲ್ಲಿಂದ ತರೋದು? ಕಲಿಯೋಕೆ ಬಂದ ಮಗುವನ್ನ ಲಾಟರಿ ಎತ್ತಿ ವಾಪಸ್ ಕಳಿಸು ಅಂದರೆ ನನಗೆ ಆಗೋದಿಲ್ಲ.

ಅಂಕಿನೋಟ:
ಕಾಯುವ ಪಟ್ಟಿ ಇದೆಯಾ? ಇದ್ದರೆ ಈಗಲೂ ಕೆಲವರನ್ನು ವಾಪಸ್ ಕಳಿಸ್ತಾನೇ ಇದ್ದೀರಿ, ಮೊದಲು ಬಂದವರಿಗೆ ಸೀಟು ಅನ್ನೋ ಲೆಕ್ಕದಲ್ಲಿ. ತೀರಾ ಕಷ್ಟದಲ್ಲಿರುವ ಮಕ್ಕಳನ್ನು ಮೊದಲೇ ಸೇರಿಸಿಕೊಳ್ಳಿ, ಅವರನ್ನು ಹೋಲಿಕೆಯಿಂದ ಹೊರಗಿಡಿ. ಉಳಿದ ಸೀಟಿಗೆ ಚೀಟಿ ಎತ್ತಿ. ಸಿಗದವರಿಗೆ ಮುಂದಿನ ಸರದಿಯಲ್ಲಿ ಖಂಡಿತ ಜಾಗ. ಅಲ್ಲಿವರೆಗೆ ಅವರೇ ನಿಮ್ಮ ಹೋಲಿಕೆಯ ಗುಂಪು. ಸಂಖ್ಯೆ ತೀರಾ ಕಡಿಮೆ ಇದ್ದರೆ ಮಾತ್ರ ಈ ಹೋಲಿಕೆಗೆ ಬಲ ಇರೋದಿಲ್ಲ, ಆಗ ದೊಡ್ಡ ಮಾತು ಬರೀಬೇಡಿ.

ಮಣ್ಣಿನದಾರಿ:
ಫಲಿತಾಂಶ ಚೆನ್ನಾಗಿಲ್ಲದಿದ್ದರೆ? ದಾನಿ ಕೈ ಬಿಟ್ಟರೆ ಆ ಶಿಕ್ಷಕಿಯರ ಸಂಬಳ ಯಾರು ಕೊಡ್ತಾರೆ? ಈ ಭಯ ಇರೋವರೆಗೂ ಜನ ಅಂಕಿಯನ್ನ ತಿದ್ದಿಯೇ ಕಳಿಸ್ತಾರೆ.

ಹಳೇದಾನಿ:
ನಿಜವಾದ ಭಯ. ರಾಜಸ್ಥಾನದಲ್ಲಿ ಎಜುಕೇಟ್ ಗರ್ಲ್ಸ್ ಸಂಸ್ಥೆಗೆ 2015ರಿಂದ 2018ರವರೆಗೆ ಒಂದು ಒಪ್ಪಂದ ಇತ್ತು. ಮಕ್ಕಳ ಕಲಿಕೆ ಮತ್ತು ಹೆಣ್ಣುಮಕ್ಕಳ ದಾಖಲಾತಿಯ ಫಲಿತಾಂಶ ನೋಡಿ ದುಡ್ಡು, ಅಳೆಯೋರು ಹೊರಗಿನವರು. ಎರಡನೇ ವರ್ಷದ ಕೊನೆಗೆ ಕಲಿಕೆಯ ಗುರಿಯಲ್ಲಿ ಮುಟ್ಟಿದ್ದು ಸುಮಾರು ಅರ್ಧ. ಅಂಕಿ ಮುಂದಿಟ್ಟುಕೊಂಡು ಪಾಠದ ಕ್ರಮವನ್ನೇ ತಿದ್ದಿಕೊಂಡರು. ಮೂರನೇ ವರ್ಷ ಗುರಿಯ ಶೇ. 160 ತಲುಪಿದರು. ಎರಡನೇ ವರ್ಷವೇ ಕೈ ಬಿಟ್ಟಿದ್ದರೆ ಅದು ವಿಫಲ ಅಂತಲೇ ದಾಖಲಾಗುತ್ತಿತ್ತು. ಇನ್ನೊಂದು ಕಡೆ, ಬಾಂಗ್ಲಾದೇಶದಲ್ಲಿ ಬಡ ಕುಟುಂಬದವರು ಕೆಲಸವಿಲ್ಲದ ತಿಂಗಳಲ್ಲಿ ಬೇರೆ ಊರಿಗೆ ದುಡಿಯಲು ಹೋಗಲಿ ಅಂತ ಪ್ರಯಾಣಕ್ಕೆ ಸಾಲ ಕೊಡುತ್ತಿದ್ದ ಎವಿಡೆನ್ಸ್ ಆ್ಯಕ್ಷನ್ ಸಂಸ್ಥೆ, ದೊಡ್ಡ ಮಟ್ಟದಲ್ಲಿ ಪರಿಣಾಮ ಕಾಣದಿದ್ದಾಗ ಅದನ್ನು ತಾನೇ ಪ್ರಕಟಿಸಿ 2019ರಲ್ಲಿ ಕಾರ್ಯಕ್ರಮ ನಿಲ್ಲಿಸಿತು. ಅದರ ಬೇರೆ ಕೆಲಸಗಳಿಗೆ ನೆರವು ನಿಲ್ಲಲಿಲ್ಲ. ಅಂಥ ಸಂಸ್ಥೆಗೆ ನಾನಂತೂ ಕೊಡ್ತೀನಿ.

ಮಣ್ಣಿನದಾರಿ:
ಎಲ್ಲ ದಾನಿಗಳೂ ನಿಮ್ಮ ಥರ ಇಲ್ಲ ಸರ್. ಹಾಗಾಗಿ ಷರತ್ತನ್ನ ಮೊದಲೇ ಬರೆಸಿಕೊಳ್ಳಲಿ: ಫಲಿತಾಂಶ ಕಡಿಮೆ ಬಂದರೆ ತಿದ್ದಿಕೊಳ್ಳೋಕೆ ಒಂದು ವರ್ಷ, ಅಲ್ಲಿವರೆಗೆ ನೆರವು ನಿಲ್ಲಬಾರದು. ಎಲ್ಲಾ ದಾನಿಗಳಿಗೂ ಒಂದೇ ನಮೂನೆ. ಅಂಕಿ ಮೊದಲು ಶಿಕ್ಷಕಿಯರ ಮುಂದೆ ಬರಬೇಕು, ಆಮೇಲೆ ದಾನಿಗೆ. ಇಷ್ಟಾದರೆ ನನ್ನ ತಕರಾರಿಲ್ಲ.

ಸಂಜೆತರಗತಿ:
ಈ ಮೂರನ್ನೂ ದಾನಿಗೆ ಬರೆದು ಕಳಿಸ್ತೀನಿ, ಖರ್ಚಿನ ಸಾಲನ್ನೂ ಸೇರಿಸಿ. ಪರೀಕ್ಷೆಗೆ ಇನ್ನೊಂದು ಸಂಸ್ಥೆಯವರನ್ನ ಕೇಳ್ತೀನಿ, ಅವರ ಮಕ್ಕಳನ್ನ ನಮ್ಮವರು ನೋಡ್ತಾರೆ, ನಮ್ಮ ಮಕ್ಕಳನ್ನ ಅವರು. ಅಂಕಿನೋಟ ಅವರೇ, ಬಿಟ್ಟು ಹೋದ ಮಕ್ಕಳ ಪಟ್ಟಿ ತೆಗೆದೆ. ಹೆಚ್ಚಿನವರು ಮೊದಲ ತಿಂಗಳಲ್ಲೇ ಬಿಟ್ಟಿದ್ದಾರೆ. ಇದನ್ನ ಹಾಜರಿ ಪುಸ್ತಕದಲ್ಲಿ ಯಾರೂ ಹೀಗೆ ನೋಡಿರಲಿಲ್ಲ. ನಾಳೆಯಿಂದ ಆ ಮನೆಗಳಿಗೆ ಹೋಗ್ತಿದ್ದೀವಿ.