ಸಹಾಯ ಬೇಕು: ಹಳೇ ಫ್ರೇಮ್ ಸೈಟ್ ಉಳಿಸಿಕೊಳ್ಳಲಾ, ಒಡೆದು ಕಟ್ಟಲಾ?

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪ 2003ರಲ್ಲಿ ದಾಸರ ಪದಗಳ ಒಂದು ಸೈಟ್ ಮಾಡಿದ್ದರು. ಸುಮಾರು 300 ಪುಟ, ಎಲ್ಲಾ ಫ್ರೇಮ್‌ಸೆಟ್‌ನಲ್ಲಿ (ಬ್ರೌಸರ್ ಕಿಟಕಿಯನ್ನು ಭಾಗ ಮಾಡಿ, ಒಂದೊಂದರಲ್ಲೂ ಬೇರೆ ಫೈಲ್ ತೋರಿಸೋ ಹಳೇ ವಿಧಾನ): ಎಡಕ್ಕೆ ಪದಗಳ ಪಟ್ಟಿ, ಬಲಕ್ಕೆ ಸಾಹಿತ್ಯ. ಈಗ ಅದು ನನ್ನ ತಲೆಗೆ ಬಂದಿದೆ. (ಹಳೇ ನುಡಿ ಫಾಂಟ್‌ನಿಂದ ಯೂನಿಕೋಡ್‌ಗೆ ತಂದಿದ್ದು ಬೇರೆಯದೇ ರಾಮಾಯಣ, ಬಿಡಿ.)

ಫ್ರೇಮನ್ನು ಪೂರ್ತಿ ಬೈಯೋಕೂ ಮನಸ್ಸಿಲ್ಲ. ಪಟ್ಟಿ ಒಂದೇ ಫೈಲಿನಲ್ಲಿದೆ, ಹೊಸ ಪದ ಸೇರಿಸಿದರೆ ಅಲ್ಲೊಂದು ಸಾಲು ಬರೆದರೆ ಮುಗೀತು. ಆದರೆ ಯಾವ ಪದ ತೆರೆದರೂ ಮೇಲಿನ ವಿಳಾಸ ಬದಲಾಗಲ್ಲ. ಲಿಂಕ್ ಕಳಿಸಿದರೆ ಎಲ್ಲರಿಗೂ ಮುಖಪುಟವೇ ತೆರೆಯುತ್ತೆ. ಗೂಗಲ್‌ನಿಂದ ಬಂದವರಿಗೆ ಪಟ್ಟಿಯಿಲ್ಲದ ಒಂಟಿ ಪುಟ. ಮೊಬೈಲ್‌ನಲ್ಲಂತೂ ಎರಡೂ ಇಕ್ಕಟ್ಟು. ಮೇಲಾಗಿ ವೆಬ್ ಪುಟ ಬರೆಯೋ ಭಾಷೆಯಾದ ಎಚ್‌ಟಿಎಂಎಲ್ 5ರಲ್ಲಿ ಫ್ರೇಮ್‌ಸೆಟ್ಟನ್ನೇ ಕೈಬಿಟ್ಟಿದ್ದಾರೆ. ಬ್ರೌಸರ್‌ಗಳು ಇನ್ನೂ ತೋರಿಸುತ್ತಿವೆ ಅನ್ನೋದೇ ಪುಣ್ಯ.

ಐಫ್ರೇಮ್ (ಪುಟದೊಳಗೆ ಇನ್ನೊಂದು ಪುಟ ತೋರಿಸೋ ಚೌಕ) ಹಾಕಿದರೆ ವಿಳಾಸದ ತೊಂದರೆ ಹಾಗೇ ಉಳಿಯುತ್ತೆ. ಪಿಎಚ್‌ಪಿ ಇನ್‌ಕ್ಲೂಡ್‌ನಲ್ಲಿ (ಒಂದೇ ಫೈಲನ್ನು ಸರ್ವರ್ರೇ ಪ್ರತಿ ಪುಟಕ್ಕೂ ಸೇರಿಸಿ ಕಳಿಸೋ ವಿಧಾನ) ಪಟ್ಟಿ ಸೇರಿಸಿ, ಪುಟದ ವಿನ್ಯಾಸ ಹೇಳೋ ಸಿಎಸ್‌ಎಸ್‌ನಲ್ಲಿ ಎಡಕ್ಕೆ ನಿಲ್ಲಿಸೋಣ ಅಂತ ಯೋಚನೆ. ಹೀಗೆ ಬದಲಾಯಿಸಿದವರು ಯಾರಾದರೂ ಇದ್ದೀರಾ? 300 ಫೈಲನ್ನೂ ಕೈಯಲ್ಲೇ ತಿದ್ದಬೇಕಾ, ಸ್ಕ್ರಿಪ್ಟ್‌ನಲ್ಲಿ ಆಗುತ್ತಾ? ಪಟ್ಟಿಯಲ್ಲಿ ಸ್ಕ್ರಾಲ್ ಮಾಡಿದ ಜಾಗ ಪ್ರತಿ ಕ್ಲಿಕ್ಕಿಗೂ ಮೇಲಕ್ಕೆ ಹಾರದ ಹಾಗೆ ಹೇಗೆ ಹಿಡಿದಿಡೋದು?