ಮಕ್ಕಳು, ಅಮ್ಮನ ಜತೆ ಡೊಲೊಮೈಟ್ಸ್‌ಗೆ: ಹೋಗಿ ಬಂದವರು ಹೇಳಿ

ಬನಶಂಕರಿ ಅಪ್ಪ:
ಜುಲೈ ಕೊನೆಯಲ್ಲಿ ಇಟಲಿಯ ಡೊಲೊಮೈಟ್ಸ್ ಬೆಟ್ಟಗಳಿಗೆ ಹೊರಟಿದ್ದೇವೆ. ನಾನು, ಹೆಂಡತಿ, 6 ಮತ್ತು 10 ವರ್ಷದ ಮಕ್ಕಳು, ಜತೆಗೆ ಮಂಡಿನೋವಿರುವ ಅಮ್ಮ. ಮ್ಯೂನಿಕ್‌ನಲ್ಲಿ ಇಳಿಯುತ್ತೇವೆ. ಒಂದು ವಾರ ಕೈಯಲ್ಲಿದೆ. ಜಾಸ್ತಿ ನಡೆಯದೆ ಏನೇನು ನೋಡಬಹುದು? ಕಾರು ಬೇಕಾ? ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ?

ಸ್ಟುಟ್‌ಗಾರ್ಟ್ ಸೊಸೆ:
ಕಾರು ಬೇಡ. ಬೇಡವೇ ಬೇಡ. ನಾವು ಬಾಡಿಗೆ ಕಾರಿನಲ್ಲಿ ಹೋಗಿದ್ದೆವು. ಆಸ್ಟ್ರಿಯಾ ದಾಟಲು ವಿನ್ಯೆಟ್ ಅನ್ನೋ ಹೆದ್ದಾರಿ ಚೀಟಿ ಕೊಳ್ಳಬೇಕು, ಗಡಿಯ ಬ್ರೆನ್ನರ್ ಕಣಿವೆದಾರಿ ಹತ್ತಿರ ಬೇರೆ ಟೋಲ್, ಇಟಲಿಗೆ ಇಳಿದ ಮೇಲೆ ಹೆದ್ದಾರಿಗೆ ಮತ್ತೊಂದು ಟೋಲ್. ಅದೆಲ್ಲ ಹೋಗಲಿ. ಬೋಲ್ಜಾನೊ ಪಟ್ಟಣದಲ್ಲಿ ಮೊಬೈಲ್ ಮ್ಯಾಪ್ ಹೇಳಿದ ಕಡೆ ತಿರುಗಿದರೆ ಅದು ಜಡ್‌ಟಿಎಲ್, ಹೊರಗಿನವರ ಕಾರು ನುಗ್ಗಬಾರದ ಬೀದಿ. ಪೊಲೀಸರು ಯಾರೂ ತಡೆಯಲ್ಲ, ಕ್ಯಾಮೆರಾ ಫೋಟೊ ಹೊಡೆಯುತ್ತೆ ಅಷ್ಟೇ. ಊರಿಗೆ ಬಂದು ಮರೆತೇಹೋದ ಮೇಲೆ ಕಾರು ಬಾಡಿಗೆಯವರು ಕಾರ್ಡ್‌ನಿಂದ 48 ಯೂರೋ ಎಳೆದುಕೊಂಡರು. ದಂಡ ಇಷ್ಟೇ ತಾನೇ ಅಂದುಕೊಂಡೆವು. ಅಲ್ಲ! ಅದು ನಮ್ಮ ವಿಳಾಸವನ್ನು ಪೊಲೀಸರಿಗೆ ಕೊಟ್ಟಿದ್ದಕ್ಕೆ ಅವರ ಕೂಲಿಯಂತೆ. ನಿಜವಾದ ದಂಡದ ಕಾಗದ ಆಮೇಲೆ ಬಂತು. 83 ಯೂರೋ, ಅಂಚೆ ಖರ್ಚು ಬೇರೆ. 5 ದಿನದೊಳಗೆ ಕಟ್ಟಿದರೆ 30% ಕಡಿಮೆ. ಆ ಕಾಗದ ಬಂದಾಗ ನಾವು ದಾವಣಗೆರೆಯಲ್ಲಿ ನಾದಿನಿ ಮದುವೆಯಲ್ಲಿದ್ದೆವು. ಪಕ್ಕದ ಮನೆಯಾಕೆ ಸಹಿ ಹಾಕಿ ತೆಗೆದುಕೊಂಡು ಜೋಪಾನವಾಗಿ ಎತ್ತಿಟ್ಟಿದ್ದರು.

ಐಂಡ್‌ಹೋವನ್ ಸ್ಟೀರಿಂಗ್:
ಬೋರ್ಡ್ ನೋಡದೆ ನುಗ್ಗಿ ಕಾರನ್ನು ಯಾಕೆ ಬೈತೀರಿ ಮೇಡಂ? ಕಾರಿಲ್ಲದಿದ್ದರೆ ನಾವು ಟ್ರೆ ಚಿಮೆ ಅನ್ನೋ ಮೂರು ಶಿಖರಗಳ ಹತ್ತಿರ ಅಷ್ಟು ಬೆಳಗ್ಗೆ ಮುಟ್ಟುತ್ತಲೇ ಇರಲಿಲ್ಲ. ಔರೊಂಜೊ ರಿಫ್ಯೂಜಿಯೊ, ಅಂದರೆ ಬೆಟ್ಟದ ತಂಗುಮನೆ, 2,320 ಮೀಟರ್ ಎತ್ತರದಲ್ಲಿದೆ, ಅಲ್ಲಿಯವರೆಗೂ ಕಾರು ಹೋಗುತ್ತೆ. ಆ ರಸ್ತೆಗೆ ಟೋಲ್ ಮೊದಲು 30 ಯೂರೋ ಇತ್ತು. 2025ರಲ್ಲಿ 40 ಮಾಡಿ, ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಬೇಕು ಅಂದರು. ಬುಕ್ ಮಾಡಿದ ದಿನವೇ ಮಂಜು. ಪಕ್ಕದಲ್ಲಿ ನಿಲ್ಲಿಸಿದ ಕಾರೇ ಕಾಣಲ್ಲ. 40 ಯೂರೋ ಕೊಟ್ಟು ನಂದಿಬೆಟ್ಟ ನೋಡಿದ ಹಾಗಾಯ್ತು ಅಂತ ಹೆಂಡತಿ ಗೊಣಗಿದಳು. ನಾನು ಜಗ್ಗಲಿಲ್ಲ. ಲವರೆಡೊ ರಿಫ್ಯೂಜಿಯೊವರೆಗೆ ಅಗಲವಾದ ಜಲ್ಲಿ ದಾರಿ ಇದೆ, ಮಕ್ಕಳ ತಳ್ಳುಗಾಡಿ ಕೂಡ ಹೋಗುತ್ತೆ. ಅಲ್ಲಿ ಸೂಪು 11 ಯೂರೋ, ನೀರಿನ ಬಾಟಲಿಗೂ ದುಡ್ಡು, ಐದು ಜನರ ತಿಂಡಿಗೆ 74 ಆಯ್ತು. ಮಗ ಸೂಪಿಗೆ ಊದುತ್ತಾ ಕೂತಿದ್ದ. ಅಷ್ಟರಲ್ಲಿ ಮಂಜು ಸರಿಯಿತು ನೋಡಿ, ಕಲ್ಲಿನ ಗೋಡೆ ನೆತ್ತಿ ಮೇಲೇ ನಿಂತಿತ್ತು! ಚಮಚ ಹಿಡಿದುಕೊಂಡೇ ಹೊರಗೆ ಓಡಿದ. ಯಾವ ಬಸ್ಸೂ ಬೇಡ ಸರ್. ಆರ್‌ಟಿಒದಿಂದ ಐಡಿಪಿ (ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್) ಮಾಡಿಸಿಕೊಂಡು ಬನ್ನಿ, ಬೆಂಗಳೂರಿನ ಡಿಎಲ್ ಒಂದೇ ಸಾಲದು.

ಮ್ಯೂನಿಕ್ ಮೈಸೂರಿಗ:
ಟ್ರೆ ಚಿಮೆಗೆ ಬಸ್ಸೇ ಇಲ್ಲ ಅನ್ನೋ ಹಾಗೆ ಬರೆದಿದ್ದೀರಲ್ಲ ಸ್ವಾಮಿ! ನಾವು ಮ್ಯೂನಿಕ್‌ನಿಂದ ಯೂರೋಸಿಟಿ ರೈಲು ಹತ್ತಿ ನಾಲ್ಕು ಗಂಟೆಯಲ್ಲಿ ಬೋಲ್ಜಾನೊದಲ್ಲಿದ್ದೆವು. ಉಳಿದುಕೊಳ್ಳುವ ಮನೆಯವರೇ ಗೆಸ್ಟ್ ಪಾಸ್ ಕೊಟ್ಟರು, ಆ ಸೀಮೆಯ ಬಸ್ಸು ರೈಲು ಬಹುತೇಕ ಉಚಿತ. ಎಲ್ಲರೂ ಕೊಡಲ್ಲ, ಕೇಳಿಯೇ ಬುಕ್ ಮಾಡಿ. ಅಲ್ಪೆ ಡಿ ಸಿಯೂಸಿಗೆ ಬೆಳಗ್ಗೆ 9ರಿಂದ ಸಂಜೆ 5ರವರೆಗೆ ಖಾಸಗಿ ಕಾರು ಬಿಡುವುದೇ ಇಲ್ಲ, ಸ್ಟೀರಿಂಗ್ ಹಿಡಿದು ಏನು ಮಾಡ್ತೀರಿ? ಸಿಯೂಸಿ ಊರಿನಿಂದ ಕೇಬಲ್ ಕಾರು ಹತ್ತಿದರೆ ಮೇಲೆ ಹುಲ್ಲುಗಾವಲು. ದಾರಿ ಸಮತಟ್ಟು, ಕುದುರೆಗಾಡಿ ಇದೆ. ನನ್ನ ಅತ್ತೆ ಬೆಂಚಿನ ಮೇಲೆ ಕೂತು ದನಗಳ ಕೊರಳ ಗಂಟೆ ಕೇಳುತ್ತಾ ಇಡೀ ಮಧ್ಯಾಹ್ನ ಕಳೆದರು. ಆದರೆ ಹಾಫ್ ಬೋರ್ಡ್ (ಬೆಳಗಿನ ತಿಂಡಿ, ರಾತ್ರಿ ಊಟ ಸೇರಿ) ಅಂತ ದುಡ್ಡು ಕಟ್ಟಿ ಪೆಟ್ಟು ತಿಂದಿದ್ದೇವೆ. ಸಸ್ಯಾಹಾರ ಅಂತ ಮೂರು ಸಲ ಮೇಲ್ ಬರೆದಿದ್ದರೂ ಮೊದಲ ರಾತ್ರಿ ಬಂದದ್ದು ಸ್ಪೆಕ್ ಹಾಕಿದ ಬ್ರೆಡ್ ಉಂಡೆ. ಹಂದಿಮಾಂಸ ರೀ ಅದು! ಆಮೇಲೆ ಪಾಲಕ್ ಉಂಡೆ ಮಾಡಿ ಪಾರ್ಮೆಸನ್ ಚೀಸ್ ತುರಿದು ಕೊಟ್ಟರು, ಚೆನ್ನಾಗಿತ್ತು.

ಶುದ್ಧ ಶಾಖಾಹಾರಿ:
ಪಾರ್ಮೆಸನ್ ತಿಂದು ಸಸ್ಯಾಹಾರಿ ಅಂತೀರಲ್ಲ. ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ. ಅದಿಲ್ಲದೆ ಆ ಹೆಸರೇ ಇಡುವಂತಿಲ್ಲ.

ಮ್ಯೂನಿಕ್ ಮೈಸೂರಿಗ:
ನನ್ನ ತಟ್ಟೆ ನಿಮಗೆ ಯಾಕೆ?

ಶುದ್ಧ ಶಾಖಾಹಾರಿ:
ಕೇಳಿದವರಿಗೆ ಹೇಳಿದೆ. ನಿಮಗಲ್ಲ.

ಬೆಟ್ಟದ ಹುಚ್ಚ:
ಬೆಂಚು, ಕುದುರೆಗಾಡಿ, ಚೀಸು. ಬೆಟ್ಟಕ್ಕೆ ಹೋಗುವುದು ಇದಕ್ಕಾ? ಸೆಚೆಡಾ ಬೆಟ್ಟಕ್ಕೆ ಎಲ್ಲರೂ ಕೇಬಲ್ ಕಾರಿನಲ್ಲಿ ಹೋಗಿ ಒಂದೇ ಜಾಗದಲ್ಲಿ ಒಂದೇ ಫೋಟೊ ತೆಗೀತಾರೆ. ಬೇಸತ್ತ ಅಲ್ಲಿನ ಜಮೀನಿನವರು 2025ರ ಜುಲೈನಲ್ಲಿ ಕಾಲುದಾರಿಗೆ ಗೇಟು ಹಾಕಿ ತಲೆಗೆ 5 ಯೂರೋ ವಸೂಲಿ ಶುರು ಮಾಡಿದರು. ಸರಿಯಾಗೇ ಮಾಡಿದರು ಅಂತೀನಿ. ಲಗಾಜುಯಿಗೆ ಹೋಗಿ. ಮೊದಲ ಮಹಾಯುದ್ಧದಲ್ಲಿ ಇಟಲಿಯವರೂ ಆಸ್ಟ್ರಿಯಾದವರೂ ಒಂದೇ ಬೆಟ್ಟದ ಹೊಟ್ಟೆ ಕೊರೆದು, ಒಬ್ಬರ ಕಾಲಡಿ ಇನ್ನೊಬ್ಬರು ಸಿಡಿಮದ್ದು ಇಟ್ಟ ಜಾಗ ಅದು. ಸುರಂಗಗಳು ಇನ್ನೂ ಇವೆ. ಹೆಲ್ಮೆಟ್, ಹಣೆದೀಪ ಬೇಕು. ನನ್ನ ಮಗಳು ಸುರಂಗದಲ್ಲಿ ಪೂರ್ತಿ ಇಳಿದಳು. ಮೆಟ್ಟಿಲು ಒದ್ದೆ, ಮಂಡಿ ನಡುಗುತ್ತೆ, ನಡುಗಲಿ.

ಸ್ಟುಟ್‌ಗಾರ್ಟ್ ಸೊಸೆ:
ಅವರ ಅಮ್ಮನಿಗೆ ಮಂಡಿನೋವು ಅಂತ ಬರೆದಿದ್ದಾರೆ, ಓದಿದ್ರಾ?

ಬೆಟ್ಟದ ಹುಚ್ಚ:
ಫಲ್ಜಾರೆಗೊ ಕಣಿವೆದಾರಿಯಿಂದ ಲಗಾಜುಯಿ ಮೇಲಕ್ಕೂ ಕೇಬಲ್ ಕಾರಿದೆ. ಅಮ್ಮ ಅದರಲ್ಲಿ ಬರಲಿ.

ಐಂಡ್‌ಹೋವನ್ ಸ್ಟೀರಿಂಗ್:
ಈಗ ಕೇಬಲ್ ಕಾರು ಪರವಾಗಿಲ್ವಾ ಗುರು?

ಮೇ ತಿಂಗಳ ಯಾತ್ರಿ:
ಕೇಬಲ್ ಕಾರಿನ ಜಗಳ ನೋಡಿ ಹೊಟ್ಟೆ ಉರೀತಿದೆ. ನಾವು ಮೇ ಮೊದಲ ವಾರ ಹೋಗಿದ್ದೆವು. ಬಾಡಿಗೆ ಅಗ್ಗ ಅಂತ ಮಾವನವರು ಆರಿಸಿದ ತಾರೀಕು. ನಮ್ಮ ಕಣಿವೆಯ ಲಿಫ್ಟುಗಳೆಲ್ಲ ಬಂದ್, ಮೇಲೆ ಹಿಮ, ಕೆಳಗೆ ಹೋಟೆಲುಗಳ ಬಾಗಿಲು ಮುಚ್ಚಿತ್ತು. ದುಡ್ಡು ವಾಪಸ್ ಇಲ್ಲದ ಬುಕಿಂಗ್ ಬೇರೆ, 910 ಯೂರೋ. ಬೋಲ್ಜಾನೊದಲ್ಲಿ ಓಟ್ಜಿ ಮ್ಯೂಸಿಯಂಗೆ ಹೋದೆವು. 1991ರಲ್ಲಿ ಹಿಮದಲ್ಲಿ ಸಿಕ್ಕ, 5 ಸಾವಿರ ವರ್ಷಕ್ಕೂ ಹಳೆಯ ಮನುಷ್ಯ. ತಣ್ಣನೆ ಕೋಣೆಯಲ್ಲಿ ಮಲಗಿಸಿದ್ದಾರೆ, ಸಣ್ಣ ಕಿಟಕಿಯಲ್ಲಿ ಇಣುಕಬೇಕು. ಮಾವನವರು ಅವನ ಹುಲ್ಲು ತುಂಬಿದ ಚಪ್ಪಲಿಯನ್ನೇ ನೋಡುತ್ತಾ ನಿಂತುಬಿಟ್ಟರು. ಮಾರನೇ ದಿನ ರೆನೊನ್ ಬೆಟ್ಟದ ಕೇಬಲ್ ಕಾರು. ಅದು ಊರಿನವರು ಓಡಾಡುವ ಲಿಫ್ಟು, ಮುಚ್ಚಿರಲಿಲ್ಲ, ಪಾಸ್ ನಡೆಯಿತು. ಮೇಲೆ 1907ರಲ್ಲಿ ಶುರುವಾದ ಪುಟಾಣಿ ರೈಲು ಇನ್ನೂ ಓಡುತ್ತೆ. ವಯಸ್ಸಾದವರಿಗೆ ಇದಕ್ಕಿಂತ ಸುಲಭದ್ದು ಇಲ್ಲ. ಆದರೂ 910 ಯೂರೋ!

ಐಂಡ್‌ಹೋವನ್ ಸ್ಟೀರಿಂಗ್:
ಬೋಲ್ಜಾನೊ ಇಟಲಿನೇ ಅಲ್ಲ ಬಿಡಿ. ಬೋರ್ಡ್ ಜರ್ಮನ್, ತಿಂಡಿ ಜರ್ಮನ್. ಪಿಜ್ಜಾ ಊರು ಅಂತ ಮಕ್ಕಳಿಗೆ ಹೇಳಿ ಕರೆದುಕೊಂಡು ಹೋಗಿದ್ದೆ.

ಮ್ಯೂನಿಕ್ ಮೈಸೂರಿಗ:
ಮೊದಲ ಮಹಾಯುದ್ಧ ಮುಗಿಯುವವರೆಗೂ ಆಸ್ಟ್ರಿಯಾದ್ದೇ ಆಗಿತ್ತು. ಪಕ್ಕದ ಕಣಿವೆಗಳಲ್ಲಿ ಲಾದಿನ್ ಅಂತ ಮೂರನೇ ಭಾಷೆಯೂ ಇದೆ. ಹೋಗುವ ಮುಂಚೆ ಸ್ವಲ್ಪ ಓದಬೇಕು. ಪಿಜ್ಜಾನೂ ಸಿಗುತ್ತೆ.

ಬನಶಂಕರಿ ಅಪ್ಪ:
ಎಲ್ಲರಿಗೂ ಥ್ಯಾಂಕ್ಸ್. ರೈಲಿನಲ್ಲೇ ಬರ್ತೀವಿ ಅನ್ಸುತ್ತೆ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ತಗೊಂಡರೆ ಕುಕ್ಕರ್ ತರಲಾ?

ಶುದ್ಧ ಶಾಖಾಹಾರಿ:
ಖಂಡಿತ ತನ್ನಿ. ಅಕ್ಕಿ, ಬೇಳೆ, ಸಾರಿನಪುಡಿ. ನಮಗೆ ಹೊರಗಿನ ಊಟದ ಖರ್ಚೇ ಬರಲಿಲ್ಲ.

ಸ್ಟುಟ್‌ಗಾರ್ಟ್ ಸೊಸೆ:
ಅಷ್ಟು ದೂರ ಹೋಗಿ ಹೆಂಡತಿ ಕೈಲಿ ಸಾರು ಮಾಡಿಸೋದಾ? ಅವರಿಗೂ ರಜೆ ಅಲ್ವಾ?

ಶುದ್ಧ ಶಾಖಾಹಾರಿ:
ನಮ್ಮನೇಲಿ ಅಡುಗೆ ಮಾಡಿದ್ದು ನಾನೇ ಅಕ್ಕ.

ಮೇ ತಿಂಗಳ ಯಾತ್ರಿ:
ಒಲೆ ಯಾವುದು ಅಂತ ಮೊದಲು ಕೇಳಿ. ನಮಗೆ ಸಿಕ್ಕಿದ್ದು ಇಂಡಕ್ಷನ್, ಹೊತ್ತು ತಂದಿದ್ದ ಅಲ್ಯೂಮಿನಿಯಂ ಕುಕ್ಕರ್ ಕಾಯಲೇ ಇಲ್ಲ. ಮತ್ತೆ ಒಗ್ಗರಣೆ ಹಾಕುವ ಮುಂಚೆ ಕಿಟಕಿ ತೆಗೀರಿ, ಹೊಗೆ ಅಲಾರಂ ಹೊಡ್ಕೊಳ್ಳುತ್ತೆ.