ಪೇಟೆಯೊಳಗಿನ ಹಳೇ ಕಟ್ಟಡ ಇಳಿಸಬೇಕು, ಮಾಡಿಸಿದವರು ಹೇಳಿ

ಪ್ರಶ್ನೆ: ಬೆಂಗಳೂರು ಬಳೇಪೇಟೆ ಒಳರಸ್ತೆಯಲ್ಲಿ 18x50 ಅಡಿಯ ಕಟ್ಟಡ, ಮೇಲೊಂದು ಅಂತಸ್ತು. ಮಣ್ಣುಗಾರೆಯ ಇಟ್ಟಿಗೆ ಗೋಡೆ, ಮದ್ರಾಸ್ ತಾರಸಿ (ಮರದ ಜಂತಿ ಮೇಲೆ ಇಟ್ಟಿಗೆ ನಿಲ್ಲಿಸಿ ಕಟ್ಟಿ, ಸುಣ್ಣದ ಗಾರೆ ಹಾಕಿದ್ದು). ಹಿಂದಿನ ಗೋಡೆ ಮೂರು ಇಂಚು ಹೊಟ್ಟೆ ಬಿಟ್ಟಿದೆ. ಎರಡೂ ಪಕ್ಕ ಅಂಗಡಿ, ನಡುವಿನ ಗೋಡೆ ಒಂದೇ. ರಸ್ತೆ ಹನ್ನೆರಡಡಿ. ಮಳೆಗೆ ಮುಂಚೆ ಮುಗೀಬೇಕು. ಮಷಿನ್ ಹಾಕಿಸೋದಾ, ಕೈಯಲ್ಲೇ ಒಡೆಸೋದಾ?

ಚಿಕ್ಕಪೇಟೆ ಮಾಲೀಕ: ಮರದ ಲೆಕ್ಕಕ್ಕೆ ಕೆಲಸ ಕೊಡಬೇಡಿ. ನಮ್ಮದಕ್ಕೆ ಒಡೆಯುವವನು ಕೂಲಿ ಕೇಳಲಿಲ್ಲ, ತೇಗದ ತೊಲೆ, ಬಾಗಿಲಿಗೆ ಅಂತ ಅವನೇ 1,40,000 ಕೊಟ್ಟ. ಎರಡು ದಿನದಲ್ಲಿ ಜಂತಿಗಳನ್ನೆಲ್ಲ ಎಳೆದುಕೊಂಡ. ಎದುರುಬದುರು ಗೋಡೆಗಳನ್ನು ಹಿಡಿದಿದ್ದದ್ದೇ ಆ ಜಂತಿಗಳು. ಹನ್ನೊಂದಡಿ ಗೋಡೆ ಒಂಟಿಯಾಗಿ ನಿಂತು ಪಕ್ಕದ ಗೋದಾಮಿನ ಕಡೆ ವಾಲಿತು. ಆನಿಕೆ ಕಂಬಗಳಿಗೆ 62,000, ಗೋದಾಮಿನ ರಿಪೇರಿಗೆ 2,35,000, ಧೂಳು ಹಿಡಿದ ಬಟ್ಟೆಗೆ 48,000. ಒಂದು ಅಂಕಣದ, ಅಂದರೆ ಎರಡು ಗೋಡೆ ನಡುವಿನ ಭಾಗದ, ಜಂತಿ ತೆಗೆದರೆ ಆ ಅಂಕಣದ ಗೋಡೆ ಅವತ್ತೇ ಇಳೀಬೇಕು. ಕರಾರಿನಲ್ಲಿ ಇದನ್ನೇ ಬರೆಸಿ.

ಒಡೆಯೋ ಕೆಲಸದ ಮೇಸ್ತ್ರಿ: ಕೈಯಲ್ಲೇ. ಮೊದಲು ತಾರಸಿಯ ಸುಣ್ಣದ ಗಾರೆ, ಆಮೇಲೆ ನಿಲ್ಲಿಸಿ ಕಟ್ಟಿದ ಇಟ್ಟಿಗೆ, ಕೊನೆಗೆ ಜಂತಿ. ಆಳುಗಳು ಜಂತಿಗಳಿಗೆ ಅಡ್ಡ ಹಾಕಿದ ಹಲಗೆ ಮೇಲೆ ನಿಲ್ಲಬೇಕು, ತಾರಸಿ ಮೇಲಲ್ಲ. ಅದಕ್ಕೂ ಮುಂಚೆ ಗೋಡೆಯೊಳಗೆ ಕೂತ ಜಂತಿ ತುದಿ ಬಿಡಿಸಿ ನೋಡಿ. ಹೊರಗೆ ಬಣ್ಣ ಹೊಳೀತಿರುತ್ತೆ, ಒಳಗಿನ ಒಂಬತ್ತು ಇಂಚು ಗೆದ್ದಲು ತಿಂದು ಬೆರಳಿಗೆ ಪುಡಿಯಾಗಿ ಬರುತ್ತೆ. ಗೋಡೆ ಮೇಲಿಂದ ಒಂದೊಂದೇ ವರಸೆ ಇಳೀಬೇಕು, ಬುಡ ಕಡಿದು ಬೀಳಿಸೋದು ಬೇಡವೇ ಬೇಡ. ಮೇಲಂತಸ್ತಿನಲ್ಲಿ ಡೆಬ್ರಿಸ್ (ಒಡೆದ ಇಟ್ಟಿಗೆ, ಗಾರೆ) ಕೂಡಿಡಬೇಡಿ. 10x10 ಕೋಣೆಯಲ್ಲಿ ಅರ್ಧ ಅಡಿ ಕೂತರೆ ಎರಡು ಟನ್. ಅವತ್ತಿಂದು ಅವತ್ತೇ ಇಳಿಸಿ, ರಾತ್ರಿ ಟಿಪ್ಪರಿಗೆ ತುಂಬಿಸಿ. ಧೂಳಿಗೆ ನೀರು ಹೊಡೆಸಿ.

ಮಷಿನ್ ಮಾಲೀಕ: ಕೈಯಲ್ಲಿ ಒಡೆಸಿ ನಲವತ್ತು ದಿನ ಆಳುಗಳನ್ನು ಹೊಟ್ಟೆ ಬಿಟ್ಟ ಗೋಡೆಯ ಕೆಳಗೆ ನಿಲ್ಲಿಸ್ತೀರಾ? ಮೇಲಂತಸ್ತು ಕೈಯಲ್ಲಾಗಲಿ, ಒಪ್ಪುತ್ತೇನೆ. ಕೆಳಗಿನದಕ್ಕೆ ಮೂರು ಟನ್ನಿನ ಮಿನಿ ಎಕ್ಸ್‌ಕವೇಟರ್ ಸಾಕು, ಅಗಲ ಸುಮಾರು ಐದಡಿ, ನಿಮ್ಮ ರಸ್ತೆಗೆ ಹಿಡಿಯುತ್ತೆ. ಬ್ರೇಕರ್ (ಕುಟ್ಟಿ ಒಡೆಯೋ ಸುತ್ತಿಗೆ) ಕಟ್ಟಬೇಡಿ, ಬಕೆಟ್ ಸಾಕು. ಪಕ್ಕದ ಗೋಡೆಗೆ ಸೇರೋ ಕಡೆ ಮೂರಡಿ ಮುಂಚಿತವಾಗಿ ಕೈಯಲ್ಲಿ ಬಿಡಿಸಿಕೊಂಡಿರಬೇಕು, ಆಗ ಅದುರು ಅಷ್ಟಾಗಿ ದಾಟಲ್ಲ.

ಮೇಸ್ತ್ರಿ: ಬಕೆಟ್ಟಿಗೂ ಅದುರು ಇದೆ. ಮಣ್ಣುಗಾರೆ ಏನು ಅಂತ ಗೊತ್ತಿದ್ದರೆ ಹೀಗೆ ಹೇಳ್ತಿರಲಿಲ್ಲ.

ಮೈಸೂರು ಎಂಜಿನಿಯರ್: ಮಣ್ಣುಗಾರೆ ಗೊತ್ತಿರೋರು "ನೀರು ಹೊಡೆಸಿ" ಅಂತ ಹೇಗೆ ಬರೆದಿರಿ ಸ್ವಾಮಿ? ಪೈಪ್ ಹಿಡಿದರೆ ಗೋಡೆಯೇ ಕರಗುತ್ತೆ. ನಮ್ಮಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದದ್ದು 2012ರ ಆಗಸ್ಟ್, ದೇವರಾಜ ಮಾರುಕಟ್ಟೆಯ ಭಾಗ ಬಿದ್ದದ್ದು 2016ರ ಆಗಸ್ಟ್. ಎರಡೂ ಮಳೆಗಾಲ. ಐಎಸ್ 4130 (ಕಟ್ಟಡ ಒಡೆಯುವಾಗಿನ ಸುರಕ್ಷತೆಯ ಭಾರತೀಯ ಮಾನಕ) ಓದಿ, ಮೇಲಿಂದ ಕೆಳಕ್ಕೆ ಅಂತಸ್ತು ಅಂತಸ್ತಾಗಿ ಇಳಿಸಬೇಕು ಅಂತಲೇ ಇದೆ.

ಮೇಸ್ತ್ರಿ: ಗೋಡೆಗೆ ಹೊಡೆಸಿ ಅಂದವರಾರು? ಔಷಧಿ ಹೊಡೆಯೋ ಪಂಪಿನಲ್ಲಿ, ಕೆಳಗೆ ಬಿದ್ದ ಡೆಬ್ರಿಸ್ ಮೇಲೆ. ಪುಸ್ತಕ ಓದಿದವರು ಒಂದು ದಿನ ಸೈಟಲ್ಲಿ ನಿಲ್ಲಲಿ.

ಮೈಸೂರು ಎಂಜಿನಿಯರ್: ನಿಂತೇ ಹೇಳ್ತಿರೋದು. ಮೊದಲೇ ಹಾಗೆ ಬಿಡಿಸಿ ಬರೆಯಬೇಕಿತ್ತು, ಓದಿದವರು ಪೈಪ್ ಹಿಡಿದು ನಿಲ್ಲುತ್ತಾರೆ.

ಅವೆನ್ಯೂ ರಸ್ತೆಯವರು: ನಡುವಿನ ಗೋಡೆ ಒಂದೇ ಅಂತ ಕೇಳಿದವರು ಬರೆದಿದ್ದಾರೆ, ಯಾರೂ ಅದನ್ನು ಮುಟ್ಟಲಿಲ್ಲ. ಪಕ್ಕದವರ ಜಂತಿಗಳೂ ಅದರಲ್ಲೇ ಕೂತಿರುತ್ತವೆ. ಆ ಗೋಡೆ ಇಳಿಸುವ ಹಾಗಿಲ್ಲ, ನಿಮ್ಮ ಜಂತಿ ತೆಗೆದ ಗೂಡುಗಳನ್ನು ಅವತ್ತೇ ಇಟ್ಟಿಗೆಯಿಂದ ಮುಚ್ಚಿಸಿ. ಮುಂಚೆಯೇ ಎರಡೂ ಅಂಗಡಿಯೊಳಗಿನ ಬಿರುಕುಗಳ ಫೋಟೋ ತೆಗೆದು, ಬಿರುಕಿಗೆ ಅಡ್ಡಲಾಗಿ ಆರಿಂಚಿನ ತೆಳು ಗಾಜಿನ ಪಟ್ಟಿ ಪಿಒಪಿಯಲ್ಲಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಅಂಟಿಸಿ, ಮೇಲೆ ತಾರೀಕು ಬರೆಸಿ. ಗಾಜು ಸೀಳಿದರೆ ಕೆಲಸ ನಿಲ್ಲಿಸಿ ಆನಿಕೆ ಕೊಡಿಸಿ. ಆ ಗೋಡೆಯ ನಿಮ್ಮ ಕಡೆಯ ಮೈ ಇಷ್ಟು ವರ್ಷ ಮಳೆ ಕಂಡಿಲ್ಲ. ಕಟ್ಟಡ ಇಳಿದ ದಿನವೇ ಮೇಲಿಂದ ಕೆಳವರೆಗೆ ಟಾರ್ಪಾಲ್ ಕಟ್ಟಿಸಿ. ಆಮೇಲೆ ಅದಕ್ಕೆ ಕೋಳಿ ಜಾಲರಿ ಹೊಡೆಸಿ ಸುಣ್ಣದ ಗಾರೆ ಮಾಡಿಸಿ, ಬರೀ ಸಿಮೆಂಟ್ ಮಣ್ಣಿಗೆ ಹಿಡಿಯದೆ ಹಪ್ಪಳದ ಹಾಗೆ ಎದ್ದು ಬರುತ್ತೆ.

ಚಿಕ್ಕಪೇಟೆ ಮಾಲೀಕ: ಆ ಟಾರ್ಪಾಲಿಗೆ ನಮಗೆ 9,000 ಆಯ್ತು. ಅದನ್ನೂ ಕರಾರಿನಲ್ಲೇ ಬರೆಸಿ.